ಬ್ಯಾಟರಿ ಹೊಸದು, ರೆಕ್ಟಿಫೈಯರ್ ಹೊಸದು, ಆದ್ರೂ ಬೈಕ್ ಚಾರ್ಜ್ ಆಗ್ತಿಲ್ಲ

ಹಾಸನ್_ಹುಡ್ಗ:
ಎಲ್ರಿಗೂ ನಮಸ್ಕಾರ. ಬೈಕ್ ಬಿಎಸ್6, 350 ಸಿಸಿ ಆಸುಪಾಸಿನ ಸಿಂಗಲ್ ಸಿಲಿಂಡರ್, ಕಂಪನಿ ಹೆಸರು ಹಾಕಲ್ಲ, ಹಾಕಿದ್ರೆ ಪ್ರಶ್ನೆ ಪಕ್ಕಕ್ಕೋಗಿ ಫ್ಯಾನ್‌ಗಳ ಜಗಳ ಶುರುವಾಗುತ್ತೆ. ಬೆಳಿಗ್ಗೆ ಸೆಲ್ಫ್ ಒತ್ತಿದ್ರೆ ಟಕಟಕಟಕ ಅಂತ ರಿಲೇ ಸೌಂಡು ಅಷ್ಟೇ, ಮೀಟರ್ ಆಫ್ ಆಗಿ ಮತ್ತೆ ಆನ್ ಆಗುತ್ತೆ, ಗಡಿಯಾರ 12:00ಕ್ಕೆ ಬಂದು ಕೂರುತ್ತೆ. ಸರ್ವಿಸ್ ಸೆಂಟರ್‌ನವ್ರು ಮೊದ್ಲು ಬ್ಯಾಟರಿ ವೀಕ್ ಅಂದ್ರು, ಹಾಕಿಸ್ದೆ. ಆಮೇಲೆ ರೆಕ್ಟಿಫೈಯರ್ (ಎಂಜಿನ್ ಕಡೆಯಿಂದ ಬರೋ ಎಸಿ ಕರೆಂಟನ್ನ ಡಿಸಿ ಮಾಡಿ, ವೋಲ್ಟೇಜ್ ಮಿತೀಲಿಟ್ಟು ಬ್ಯಾಟರಿಗೆ ಕೊಡೋ ಡಬ್ಬಿ) ಹೋಗಿದೆ ಅಂತ ವಾರಂಟೀಲಿ ಬದಲಾಯ್ಸಿದ್ರು. ಮಳೆಗಾಲ ಮುಗಿಯೋದ್ರೊಳಗೆ ಮತ್ತೆ ಅದೇ ಕಥೆ, ಈಗ ಸ್ಟೇಟರ್ (ಎಂಜಿನ್ ಒಳಗೆ ಕರೆಂಟ್ ಹುಟ್ಟಿಸೋ ಸುರುಳಿ) ಇರ್ಬೋದು, ವಾರಂಟಿ ಮುಗ್ದಿದೆ, ಖರ್ಚು ನಿಮ್ದೇ ಅಂತಾರೆ. ನಮ್ಮೂರಲ್ಲೇ ಇದೇ ಮಾಡೆಲ್ ಇಟ್ಕೊಂಡಿರೋ ಇನ್ನಿಬ್ರಿಗೂ ಇದೇ ಗೋಳು, ಆದ್ರೆ ಕೇಳಿದ್ರೆ "ಈ ಕಂಪ್ಲೇಂಟ್ ನಿಮ್ಮದೊಂದೇ ಸರ್" ಅನ್ನೋ ಉತ್ತರ. ಎಕ್ಸ್‌ಟ್ರಾ ಫಾಗ್ ಲೈಟ್ ಏನೂ ಇಲ್ಲ, ಒಂದು ಯುಎಸ್‌ಬಿ ಚಾರ್ಜರ್ ಇದೆ. ಲೋಡ್ ಕಮ್ಮಿ ಆಗ್ಲಿ ಅಂತ ಹೆಡ್‌ಲೈಟ್ ಎಲ್‌ಇಡಿ ಮಾಡಿಸೋಣ ಅಂತಿದೀನಿ, ಉಪಯೋಗ ಆಗುತ್ತಾ?

ದಾವಣಗೆರೆ ಆಟೋ ಎಲೆಕ್ಟ್ರಿಕಲ್:
ತಮ್ಮಾ, ಎಲ್‌ಇಡಿ ಆಮೇಲೆ, ಮೊದ್ಲು ದುಡ್ಡು ಖರ್ಚು ಮಾಡೋದು ನಿಲ್ಸು. ಒಂದು ಮಲ್ಟಿಮೀಟರ್ ಇಟ್ಕೋ, ಸಾಧಾರಣದ್ದೇ ಸಾಕು. ರಾತ್ರಿಯೆಲ್ಲಾ ನಿಂತ ಬೈಕಿಗೆ ಬ್ಯಾಟರಿ ಮೇಲೆ 12.6ರಿಂದ 12.8 ವೋಲ್ಟ್ ಬರಬೇಕು. ಸ್ಟಾರ್ಟ್ ಮಾಡಿ 4-5 ಸಾವಿರ ಆರ್‌ಪಿಎಂಗೆ ಏರಿಸಿದ್ರೆ 13.8ರಿಂದ 14.5ರ ಒಳಗೆ ನಿಲ್ಲಬೇಕು. 15 ದಾಟಿದ್ರೆ ಓವರ್‌ಚಾರ್ಜು, 13ರ ಕೆಳಗೆ ಇದ್ರೆ ಚಾರ್ಜ್ ಆಗ್ತಾನೇ ಇಲ್ಲ ಅಂತ ಲೆಕ್ಕ.

ಆಮೇಲೆ ಸ್ಟೇಟರಿಂದ ಬರೋ ಮೂರು ಹಳದಿ ವೈರಿನ ಕಪ್ಲರ್ (ವೈರ್ ಜೋಡಿಸೋ ಪ್ಲಾಸ್ಟಿಕ್ ಪ್ಲಗ್) ಬಿಚ್ಚು. ಎಂಜಿನ್ ಕಡೆ ಪಿನ್ನುಗಳಲ್ಲಿ ಎರಡೆರಡರ ಮಧ್ಯೆ ಓಮ್ ನೋಡು, ಮೂರೂ ಜೋಡಿ ಒಂದೇ ತರ ಇರ್ಬೇಕು, ಒಂದು ಓಮಿಗಿಂತ ಕಮ್ಮಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದ್ರೇ 0.3, 0.4 ತೋರ್ಸುತ್ತೆ, ಅದನ್ನ ಕಳೀಬೇಕು, ಇದು ಗೊತ್ತಿಲ್ದೆ ಎಷ್ಟೋ ಜನ ಒಳ್ಳೇ ಸ್ಟೇಟರ್ ಬಿಸಾಕ್ಯಾರೆ. ಯಾವ ಹಳದಿ ವೈರೂ ಬೈಕಿನ ಬಾಡಿ ಜೊತೆ ಕಂಟಿನ್ಯುಟಿ, ಅಂದ್ರೆ ಕರೆಂಟ್ ಹರಿಯೋ ದಾರಿ, ತೋರಿಸಬಾರ್ದು. ಕಪ್ಲರ್ ಬಿಚ್ಚಿದ ಹಾಗೇ ಎಂಜಿನ್ ಆನ್ ಮಾಡಿ ಎಸಿ ವೋಲ್ಟಲ್ಲಿಟ್ಟು ಏರಿಸಿ ನೋಡು, ಹೆಚ್ಚು ಕಮ್ಮಿ 50-70 ಬರ್ತದೆ, ಮಾಡೆಲ್ ಮೇಲೆ ವ್ಯತ್ಯಾಸ ಐತೆ, ಮುಖ್ಯ ಏನಂದ್ರೆ ಮೂರು ಜೋಡೀಲೂ ಸಮ ಇರ್ಬೇಕು. ಕೈ ಮುಟ್ಟಬ್ಯಾಡ, ಹೊಡೀತದೆ. ಎಂಜಿನ್ ಓಡ್ತಿರೋವಾಗ ಬ್ಯಾಟರಿ ಟರ್ಮಿನಲ್ ಮಾತ್ರ ಯಾವತ್ತೂ ಬಿಚ್ಚಬ್ಯಾಡ, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಹೋಗ್ತದೆ.

ಎಲ್‌ಇಡಿ ವಿಷ್ಯ: ನಿನ್ನ ರೆಕ್ಟಿಫೈಯರ್ ಶಂಟ್ ಟೈಪ್ ಆಗಿದ್ರೆ ಅದು ಹೆಚ್ಚಾದ ಕರೆಂಟನ್ನ ಒಳಗೇ ಶಾರ್ಟ್ ಮಾಡಿ ಸುಡ್ತದೆ, ಟ್ಯಾಂಕ್ ತುಂಬಿದ್ರೂ ಮೋಟರ್ ಆಫ್ ಮಾಡದೆ ನೀರು ಮೋರಿಗೆ ಬಿಟ್ಟಂಗೆ. ಲೋಡ್ ಕಮ್ಮಿ ಮಾಡಿದಷ್ಟೂ ರೆಕ್ಟಿಫೈಯರ್ ಇನ್ನೂ ಬಿಸಿ. ಸೀರೀಸ್ ಟೈಪಲ್ಲಿ ಈ ತಾಪತ್ರಯ ಇಲ್ಲ.

ಕರಾವಳಿ ಸವಾರಿ:
ನಮ್ಮಲ್ಲಿ ಮಂಗಳೂರಲ್ಲಿ ಈ ಕತೆ ವರ್ಷವೂ ಉಂಟು ಮಾರಾಯ್ರೆ, ಉಪ್ಪು ಗಾಳಿ, ಮಳೆ, ಕೇಳ್ಬೇಡಿ. ಓಮ್ ವೋಲ್ಟ್ ಎಲ್ಲ ಆಮೇಲೆ, ಆ ಕಪ್ಲರನ್ನು ಒಮ್ಮೆ ಬಿಚ್ಚಿ ಮೂಸಿ ನೋಡಿ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದ್ರೆ ಅಲ್ಲಿಗೇ ಗೊತ್ತಾಯ್ತು. ಮೆಕ್ಯಾನಿಕ್ ಹೊಸ ರೆಕ್ಟಿಫೈಯರ್ ತಂದು ಅದೇ ಸುಟ್ಟ ಕಪ್ಲರಿಗೆ ಸಿಕ್ಕಿಸಿ ಕಳಿಸ್ತಾನೆ, ಅದು ಮತ್ತೆ ಹೋಗದೆ ಇನ್ನೆಂತ ಆಗ್ತದೆ?

ಹಾಸನ್_ಹುಡ್ಗ:
ಅಣ್ಣ ಹೇಳ್ದಂಗೆ ಎಲ್ಲಾ ನೋಡ್ದೆ. ಸ್ಟೇಟರ್ ಓಮ್ ಮೂರೂ ಜೋಡಿ ಸಮ, ಬಾಡಿಗೆ ಕಂಟಿನ್ಯುಟಿ ಇಲ್ಲ, ಎಸಿ 58, 57, 58. ಅಂದ್ರೆ ಸ್ಟೇಟರ್ ಸರಿಯಾಗೇ ಇದೆ, ಅಲ್ವಾ? ಕಪ್ಲರ್ ಹಾಕಿ ಬ್ಯಾಟರಿ ಮೇಲೆ ನೋಡಿದ್ರೆ 5 ಸಾವಿರದಲ್ಲೂ 12.9 ದಾಟ್ತಿಲ್ಲ. ಕಪ್ಲರ್ ಒಳಗೆ ನಡುವಿನ ಪಿನ್ ಕಂದು ಬಣ್ಣಕ್ಕೆ ತಿರುಗಿದೆ, ಅದರ ಸುತ್ತ ಬಿಳಿ ಪ್ಲಾಸ್ಟಿಕ್ ಕರಗಿ ಉಬ್ಬಿದೆ, ವೈರಿನ ಹಳದಿ ಕವರ್ ಒಂದಿಂಚು ಗಟ್ಟಿಯಾಗಿ ಬಗ್ಗಿಸಿದ್ರೆ ಪುಡಿಪುಡಿ ಉದುರುತ್ತೆ. ಸ್ಟೇಟರ್ ಬದಲಾಯ್ಸಬೇಕು ಅಂತ ಎಸ್ಟಿಮೇಟ್ ಕೊಟ್ಟಿದ್ರಲ್ಲ, ಇದನ್ನ ಯಾರೂ ಬಿಚ್ಚೇ ನೋಡಿಲ್ಲ ಅನ್ಸುತ್ತೆ.

ದಾವಣಗೆರೆ ಆಟೋ ಎಲೆಕ್ಟ್ರಿಕಲ್:
ಸಿಕ್ತಲ್ಲ. ಸ್ಟೇಟರ್ ಮುಟ್ಟಬ್ಯಾಡ. 15 ಆಂಪಿಯರ್ ಹರಿಯೋ ಜಾಗದಲ್ಲಿ ಪಿನ್ ಲೂಸಾಗಿ ಅರ್ಧ ವೋಲ್ಟ್ ಬಿದ್ರೆ ಏಳೂವರೆ ವ್ಯಾಟ್ ಬಿಸಿ ಅಷ್ಟೂ ಆ ಸಣ್ಣ ಪಿನ್ನಲ್ಲೇ, ಬಿಸಿಗೆ ಪಿನ್ ಇನ್ನೂ ಸಡಿಲ, ಸಡಿಲ ಆದಷ್ಟೂ ಬಿಸಿ. ಇನ್ನೊಂದು ಟೆಸ್ಟ್ ಬಾಕಿ ಐತೆ, ಎಂಜಿನ್ 4 ಸಾವಿರದಲ್ಲಿಟ್ಟು ಮೀಟರ್ ಡಿಸಿ ವೋಲ್ಟಲ್ಲಿ ಒಂದು ಕಡ್ಡಿ ರೆಕ್ಟಿಫೈಯರಿನ ನೆಗೆಟಿವ್ ವೈರಿಗೆ ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. 0.2ರ ಮೇಲೆ ಬಂದ್ರೆ ಅರ್ಥ್ (ನೆಗೆಟಿವ್ ವೈರ್ ಫ್ರೇಮಿಗೆ ಸೇರೋ ಜಾಗ) ಸರಿ ಇಲ್ಲ. ಪಾಸಿಟಿವ್ ಕಡೇನೂ ಹಂಗೇ ನೋಡು.

ಹಾಸನ್_ಹುಡ್ಗ:
ಪಾಸಿಟಿವ್ 0.15, ನೆಗೆಟಿವ್ 0.7! ಅರ್ಥ್ ಬೋಲ್ಟ್ ಬಿಚ್ಚಿದ್ರೆ ಅಡಿಯಲ್ಲಿ ಫ್ರೇಮಿನ ಪೇಂಟ್ ಹಾಗೇ ಇದೆ, ಬೋಲ್ಟಿನ ಥ್ರೆಡ್ಡಲ್ಲಿ ಮಾತ್ರ ಕಚ್ಕೊಂಡಿತ್ತು, ಸುತ್ತ ತುಕ್ಕು. ಫ್ಯಾಕ್ಟರೀಲೇ ಹಿಂಗ್ ಕೂರ್ಸಿದಾರೆ ಅಂದ್ರೆ ಏನ್ ಹೇಳ್ಬೇಕು.

ಮೈಸೂರು ಟೂಸ್ಟ್ರೋಕ್:
ಏನೂ ಹೇಳೋದ್ ಬೇಡ ಗುರು, ಬರೆಸಿ. ಹೇಳಿದ್ರೆ ಗಾಳೀಲಿ ಹೋಗುತ್ತೆ. ಕಪ್ಲರ್ ಕತ್ತರಿಸೋಕೆ ಮುಂಚೆ ಫೋಟೋ ತೆಗೀರಿ, ಜಾಬ್ ಕಾರ್ಡಲ್ಲಿ "ಸ್ಟೇಟರ್ ಕಪ್ಲರ್ ಕರಗಿದೆ" ಅಂತ ಬರೆಸಿ, "ಬ್ಯಾಟರಿ ಕಂಪ್ಲೇಂಟ್" ಅಂತ ಬರ್ಕೊಂಡ್ರೆ ಸೈನ್ ಹಾಕ್ಬೇಡಿ. ಬ್ಯಾಟರಿ, ರೆಕ್ಟಿಫೈಯರ್ ಅಂತ ಬೇರೆ ಬೇರೆ ಹೆಸರಲ್ಲಿ ಕಂಪ್ಲೇಂಟ್ ಹೋಗೋದ್ರಿಂದ್ಲೇ ಮೇಲಿನವರ ಲೆಕ್ಕದಲ್ಲಿ ಇದು ಒಂದೇ ರೋಗ ಅಂತ ಕಾಣೋದೇ ಇಲ್ಲ, ನಂಗೆ ಇದೇ ದೊಡ್ಡ ಕಾರಣ ಅನ್ಸೋದು, ಎಲ್ಲಾ ಸಲ ಕಳ್ಳತನ ಅಲ್ಲ. ಎಷ್ಟೋ ಕಂಪನಿಗಳು ಸದ್ದಿಲ್ದೆ ಪಾರ್ಟ್ ಬದಲಾಯ್ಸಿರ್ತಾರೆ, ಹಳೇ ಪಾರ್ಟ್ ನಂಬರಿಗೂ ಹೊಸದರ ನಂಬರಿಗೂ ಕೊನೆ ಅಕ್ಷರ ಹೋಲಿಸಿ ನೋಡಿ, ಗೊತ್ತಾಗುತ್ತೆ.

ಮನಸ್ಸು ಮಾಡಿದ್ರೆ ಆಗಲ್ಲ ಅಂತೇನಿಲ್ಲ. 2021ರ ಮೇನಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್‌ಗೋಸ್ಕರ 2,36,966 ಬೈಕ್ ವಾಪಸ್ ಕರೀತು, ಹೊರಗಿಂದ ತರಿಸಿದ ಕಾಯಿಲಲ್ಲಿ 2020 ಡಿಸೆಂಬರಿಂದ 2021 ಏಪ್ರಿಲ್ ನಡುವಿನ ಬ್ಯಾಚಲ್ಲಿ ದೋಷ ಇದೆ ಅಂತ ತಾವೇ ಟೆಸ್ಟಲ್ಲಿ ಕಂಡ್ಕೊಂಡು ಹೇಳಿದ್ರು. ಅಮೆರಿಕದಲ್ಲಿ ಸುಜುಕಿ ಇದೇ ರೆಕ್ಟಿಫೈಯರ್ ಬಿಸಿ ಸಮಸ್ಯೆಗೆ 70 ಸಾವಿರಕ್ಕೂ ಹೆಚ್ಚು ಗಾಡಿ ವಾಪಸ್ ಕರೆದಿತ್ತು.

ದೋಷ ಇರೋ ಗಾಡಿ ವಾಪಸ್ ಕರೆಸೋಕೆ ನಮ್ಮಲ್ಲೂ ಕಾನೂನಿದೆ, 2019ರ ತಿದ್ದುಪಡೀಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿಸಿದ್ರು, 2021 ಏಪ್ರಿಲ್ 1ರಿಂದ ರೂಲ್ಸ್ ಜಾರಿ, ಏಳು ವರ್ಷದೊಳಗಿನ ಗಾಡಿಗೆ ಅನ್ವಯ. ಆದ್ರೆ ಒಬ್ಬರ ಕಂಪ್ಲೇಂಟಿಗೆ ಏನೂ ಆಗಲ್ಲ, ಇಷ್ಟು ಜನ ಅಂತ ಮಿತಿ ಇದೆ, ಜೊತೆಗೆ ದೋಷದಿಂದ ಅಪಾಯ ಇದೆ ಅಂತ ತೋರಿಸ್ಬೇಕು. "ಬೆಳಿಗ್ಗೆ ಸ್ಟಾರ್ಟ್ ಆಗಲ್ಲ" ಅಂದ್ರೆ ಯಾರು ಕೇಳ್ತಾರೆ? ಓಡ್ತಿರುವಾಗ ಆಫ್ ಆಗಿದ್ಯಾ ಯಾವತ್ತಾದ್ರೂ?

ಹಾಸನ್_ಹುಡ್ಗ:
ಆಗಿದೆ ಸರ್. ಶಿರಾಡಿ ಘಾಟಲ್ಲಿ ರಾತ್ರಿ, ಮೊದ್ಲು ಎಬಿಎಸ್ ಲೈಟ್ ಬಂತು, ಹೆಡ್‌ಲೈಟ್ ಡಿಮ್ ಆಯ್ತು, ತಿರುವಲ್ಲಿ ಎಂಜಿನ್ ಸಮೇತ ಎಲ್ಲಾ ಆಫ್. ಹಿಂದೆ ಟ್ಯಾಂಕರ್ ಇತ್ತು.

ಮೈಸೂರು ಟೂಸ್ಟ್ರೋಕ್:
ಅದನ್ನೇ ಮೊದಲನೇ ಸಾಲಲ್ಲಿ ಬರೀಬೇಕು! ನಿಮ್ಮೂರಿನ ಆ ಇಬ್ರ ಕೈಲೂ ಅವರವರ ಹೆಸರಲ್ಲಿ ಬರೆಸಿ, ಕಂಪನಿಗೆ ಮೇಲ್, ಗ್ರಾಹಕರ ಸಹಾಯವಾಣಿ 1915ಕ್ಕೂ ಒಂದು. ಹಳೇ ಕಪ್ಲರ್ ಎಸೀಬೇಡಿ.

ಹಾಸನ್_ಹುಡ್ಗ:
ಅಪ್‌ಡೇಟ್: ಅರ್ಥ್ ಜಾಗ ಪೇಂಟ್ ಕೆರೆದು ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದೆ, ಕಪ್ಲರ್ ಎರಡೂ ಕಡೆ ತೆಗೆದು ಒಳ್ಳೇ ತಾಮ್ರ ಕಾಣೋವರೆಗೆ ವೈರ್ ಕತ್ತರಿಸಿ ವಾಟರ್‌ಪ್ರೂಫ್ ಕನೆಕ್ಟರ್ ಕ್ರಿಂಪ್ ಮಾಡಿಸ್ದೆ. ಬೆಂಗ್ಳೂರು ಜೆಸಿ ರೋಡಿಂದ ಫ್ರೆಂಡ್ ತಂದ್ಕೊಟ್ಟ. ಈಗ 4 ಸಾವಿರದಲ್ಲಿ 14.1, ನೆಗೆಟಿವ್ ಡ್ರಾಪ್ 0.1. ರೆಕ್ಟಿಫೈಯರ್ ಅದೇ ಇದೆ, ಹೋಗಿರಲೇ ಇಲ್ಲ. ಕಂಪನಿಯಿಂದ "ನಿಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ" ಅನ್ನೋ ಮೇಲ್ ಬಂದಿದೆ, ನೋಡೋಣ. ಅಂದಹಾಗೆ ಅಣ್ಣಾ, ಮೂರು ಹಳದಿ ವೈರ್ ಯಾವುದು ಯಾವುದಕ್ಕೆ ಅಂತ ಗುರುತು ಹಾಕಿರ್ಲಿಲ್ಲ, ಅದಲು ಬದಲು ಆಗಿದ್ರೆ ಏನಾದ್ರೂ ತೊಂದ್ರೆನಾ?

ದಾವಣಗೆರೆ ಆಟೋ ಎಲೆಕ್ಟ್ರಿಕಲ್:
ಏನಾಗಲ್ಲ, ಮೂರೂ ಎಸಿ, ಯಾವುದು ಯಾವುದಕ್ಕೆ ಹೋದ್ರೂ ಒಂದೇ. ರೆಕ್ಟಿಫೈಯರಿಂದ ಬ್ಯಾಟರಿಗೆ ಹೋಗೋ ಪಾಸಿಟಿವ್ ನೆಗೆಟಿವ್ ಮಾತ್ರ ಅದಲು ಬದಲು ಮಾಡಬ್ಯಾಡ, ಒಂದೇ ಸಲಕ್ಕೆ ಡಯೋಡ್ ಢಮಾರ್. ಒಂದು ತಿಂಗಳು ಓಡಿಸಿ ಕನೆಕ್ಟರ್ ಮುಟ್ಟಿ ನೋಡು, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡಾಕಾಗದಂಗೆ ಸುಟ್ರೆ ಕ್ರಿಂಪ್ ಸರಿ ಕೂತಿಲ್ಲ, ಮತ್ತೆ ಮಾಡಿಸು.