ಹತ್ತನೆಯ ತರಗತಿಯ ಇಂಗ್ಲಿಷ್: ಕನ್ನಡ ಮಾಧ್ಯಮದ ಮಗಳಿಗೆ ನೆರವಾಗುವುದು ಹೇಗೆ?

ಪ್ರಶ್ನೆ (ತಂದೆ, ಡೊಂಬಿವಲಿ)

ಮಾನ್ಯರೇ, ನನ್ನ ಮಗಳು ಇಲ್ಲಿ ಮಹಾರಾಷ್ಟ್ರ ಮಂಡಳಿಯ ಪಠ್ಯಕ್ರಮದಲ್ಲಿ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಗಣಿತ, ವಿಜ್ಞಾನಗಳ ಚಿಂತೆಯಿಲ್ಲ. ತೃತೀಯ ಭಾಷೆಯಾದ ಇಂಗ್ಲಿಷಿನಲ್ಲಿ ಮಾತ್ರ ಮೊದಲ ಸತ್ರದಲ್ಲಿ ಹೇಗೋ ದಡ ಸೇರಿದಳು. ಪಾಠದ ಪ್ರಶ್ನೋತ್ತರಗಳನ್ನು ಬಾಯಿಪಾಠ ಒಪ್ಪಿಸುವವಳು, ಓದಿರದ ಗದ್ಯಭಾಗ ಎದುರಾದರೆ ಪೆನ್ನು ಕೆಳಗಿಡುತ್ತಾಳೆ. ಹತ್ತಿರದ ಟ್ಯೂಷನ್ ಕ್ಲಾಸಿನಲ್ಲಿ ಇಂಗ್ಲಿಷನ್ನು ಮರಾಠಿಯಲ್ಲಿ ವಿವರಿಸುತ್ತಾರೆ. ಅದನ್ನು ಅವಳು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ನಾನು ಹೋಟೆಲಿನ ಗಲ್ಲಾದಲ್ಲಿ ಕೂರುವವನು, ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ಸಿದ್ಧ ಪ್ರಶ್ನೋತ್ತರಗಳಿರುವ ಒಂದು ಡೈಜೆಸ್ಟ್ (ಗೈಡ್) ಕೊಡಿಸಿದರೆ ಸಾಕಾಗುವುದೇ?

ಉತ್ತರ (ನಿವೃತ್ತ ಶಿಕ್ಷಕಿ, ಮುಲುಂಡ್)

ಡೈಜೆಸ್ಟಿನಿಂದ ಬಾಯಿಪಾಠವೇ ಹೆಚ್ಚಾದೀತು. ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ಪಠ್ಯದ ಗದ್ಯ, ಪದ್ಯಗಳಿಗೆ 30 ಅಂಕ. ಉಳಿದದ್ದು ವ್ಯಾಕರಣ, ಓದಿರದ ಗದ್ಯಭಾಗ, ಪತ್ರ ಮತ್ತಿತರ ಬರವಣಿಗೆ ಹಾಗೂ ಕೊನೆಯ 5 ಅಂಕಗಳ ಅನುವಾದ. ಪಠ್ಯದ ಗದ್ಯಭಾಗವನ್ನೂ ಕೃತಿಪತ್ರಿಕೆಯಲ್ಲೇ, ಅಂದರೆ ಪ್ರಶ್ನೆಪತ್ರಿಕೆಯಲ್ಲೇ, ಮುದ್ರಿಸಿರುತ್ತಾರೆ. ಅಲ್ಲಿ ಬೇಕಾದದ್ದು ಓದಿ ಗ್ರಹಿಸುವ ಶಕ್ತಿ.

ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಕನ್ನಡದ ವಾಕ್ಯಕ್ಕೆ ಇಂಗ್ಲಿಷ್ ಪದಗಳನ್ನು ತೊಡಿಸುವಾಗ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವಲ್ಲಿ ನಮಗೆ ‘ಹ್ಯಾವ್’ ಎಂಬ ಕ್ರಿಯಾಪದವೇ ಬೇಕಿಲ್ಲ. ‘ಎ’, ‘ದಿ’ಗಳೂ ನಮ್ಮಲ್ಲಿಲ್ಲ. ‘ಮೇಜಿನ ಮೇಲೆ’ ಎನ್ನುವಾಗ ನಾಮಪದದ ನಂತರ ಬರುವ ‘ಮೇಲೆ’, ಇಂಗ್ಲಿಷಿನಲ್ಲಿ ‘ಆನ್’ ಆಗಿ ಮೊದಲೇ ಬಂದು ಕೂರುತ್ತದೆ. ‘ನಾನು ಬರುತ್ತೇನೆ ಎಂದು ಅವನು ಹೇಳಿದ’ ಎಂಬುದು ನಮಗೆ ಸಹಜವಾದ ವಾಕ್ಯ, ಆಡಿದ ಮಾತನ್ನು ಇದ್ದಂತೆಯೇ ಇಟ್ಟು ‘ಎಂದು’ ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಾದರೋ ‘ಐ’ ಹೋಗಿ ‘ಹೀ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಆಗಬೇಕು. ಈ ಅಂತರವನ್ನು ಕನ್ನಡದಲ್ಲಿ ಒಮ್ಮೆ ತೋರಿಸಿಕೊಟ್ಟರೆ ಅವಳ ಅರ್ಧ ತಪ್ಪುಗಳು ಏಕೆ ಆಗುತ್ತಿವೆಯೆಂದು ಅವಳಿಗೇ ತಿಳಿಯುತ್ತದೆ.

ಆದ್ದರಿಂದ ದಿನಕ್ಕೆ ಐದು ವಾಕ್ಯಗಳನ್ನು, ಅಂದು ನಡೆದ ಸಂಗತಿಯ ಬಗ್ಗೆಯೇ, ಅವಳು ಮೊದಲು ಕನ್ನಡದಲ್ಲಿ ಬರೆದು ಮಗ್ಗುಲಲ್ಲಿ ಇಂಗ್ಲಿಷಿನಲ್ಲಿ ಬರೆಯಲಿ. ತಿದ್ದಲು ವಾರಕ್ಕೊಮ್ಮೆ ಶಾಲೆಯ ಶಿಕ್ಷಕರು ಒಪ್ಪಿದರೆ ಸಾಕು. ಅನುವಾದದ ಪ್ರಶ್ನೆಗೆ ಉತ್ತರ ಬರೆಯಬೇಕಾದದ್ದು ಕಲಿಕೆಯ ಮಾಧ್ಯಮದ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ. ಆ 5 ಅಂಕಗಳನ್ನು ಅವಳು ಬಿಟ್ಟುಕೊಡಲೇಬಾರದು.

ಉತ್ತರ (ಕಾಲೇಜು ವಿದ್ಯಾರ್ಥಿ, ಠಾಣೆ)

ನಾನೂ ಕನ್ನಡ ಮಾಧ್ಯಮದವನೇ. ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ: ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಜಾಲತಾಣದಲ್ಲಿ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನಾನು ಎಂಟು ಮತ್ತು ಒಂಬತ್ತನೆಯ ತರಗತಿಗಳ ಇಂಗ್ಲಿಷ್ ಪುಸ್ತಕಗಳಿಂದ ಮರೆತುಹೋದ ಪಾಠಗಳನ್ನು ಆರಿಸಿ, ಅವನ್ನೇ ಓದಿರದ ಗದ್ಯಭಾಗವೆಂದು ಭಾವಿಸಿ ಗಡಿಯಾರ ನೋಡಿಕೊಂಡು ಉತ್ತರಿಸುತ್ತಿದ್ದೆ. ಕಷ್ಟವೆನಿಸದ ಭಾಷೆಯಾದ್ದರಿಂದ ಧೈರ್ಯ ಬಂದಿತು. ಮೂರು ಗಂಟೆಗಳಲ್ಲಿ ಪತ್ರಕ್ಕೆ ಸಮಯ ಉಳಿಯದೆ ಹೋಗುವುದೇ ಹೆಚ್ಚಿನವರ ಗೋಳು. ನಾನಂತೂ ಬರವಣಿಗೆಯ ವಿಭಾಗವನ್ನು ಮೊದಲು ಮುಗಿಸುತ್ತಿದ್ದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತಿದ್ದಲು ಯಾರೂ ಸಿಗದ ವಾರ ಬರೆಸಿದರೆ ತಪ್ಪೇ ರೂಢಿಯಾಗಲಾರದೇ?

ನಿವೃತ್ತ ಶಿಕ್ಷಕಿ

ಆ ವಾರ ಬರೆಸಬೇಡಿ, ಕಲಿತ ಪಾಠವನ್ನು ಗಟ್ಟಿಯಾಗಿ ಓದಿಸಿ. ಒಳಮೌಲ್ಯಮಾಪನದ 20 ಅಂಕಗಳಲ್ಲಿ ಮೌಖಿಕ ಪರೀಕ್ಷೆಯೂ ಸೇರಿದೆ. ನೀವು ಹೋಟೆಲಿನ ಕೆಲಸ ಮುಗಿಸಿ ಬಂದ ಮೇಲೆ ಹತ್ತು ನಿಮಿಷ ಎದುರು ಕುಳಿತು ಕೇಳಿ. ಅರ್ಥವಾಗದಲ್ಲಿ ತಡೆದು, ಕನ್ನಡದಲ್ಲಿ ಹೇಳು ಮಗಳೇ ಎನ್ನಿ. ಅಷ್ಟಕ್ಕೆ ತಂದೆಗೆ ಇಂಗ್ಲಿಷ್ ಬರಬೇಕಾಗಿಲ್ಲ.