ಪದಚರ್ಚೆ: ತೊಳೆಯುವ ಗಾಡಿಗೆ ಬೇಕಾದ ಕೆಲವು ಹೆಸರುಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಕಲಬುರಗಿಯಿಂದ ಒಂದಿಷ್ಟು ಪ್ರಶ್ನೆಗಳಿವೆ. ನನ್ನ ಅಕ್ಕನ ಮಗ ಹಳೆಯ ಪಿಕಪ್ ಗಾಡಿ ತಗೊಂಡು ಹೊಸ ಕೆಲಸ ಶುರು ಮಾಡುತ್ತಿದ್ದಾನೆ. ಮನೆ, ಅಂಗಡಿ, ಆಸ್ಪತ್ರೆಗಳ ಹೊರಗೋಡೆ, ಅಂಗಳಕ್ಕೆ ಹಾಸಿದ ಫರಸಿ ಕಲ್ಲು, ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್ ಎಲ್ಲವನ್ನೂ ಗಾಡಿ ತಂದು ತೊಳೆದುಕೊಡುವ ಕೆಲಸ ಅದು. ಸೇಡಂ, ವಾಡಿ, ಶಹಾಬಾದ್ ಕಡೆಯ ಧೂಳು ನೋಡಿದವರಿಗೆ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಗಾಡಿ ಈಗ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಸಜ್ಜಾಗುತ್ತಿದೆ. ಬೋರ್ಡು, ರೇಟಿನ ಪಟ್ಟಿ, ಕೆಲಸದ ಹುಡುಗರಿಗಾಗಿ ಗಾಡಿಯೊಳಗೆ ಅಂಟಿಸುವ ಸೂಚನೆ, ಇಷ್ಟನ್ನೂ ಕನ್ನಡದಲ್ಲಿ ಬರೆದುಕೊಡುವುದು ನನ್ನ ಪಾಲಿಗೆ ಬಂದಿದೆ. ಹುಡುಗರು ಓದುವುದು ಕನ್ನಡ ಮಾತ್ರ. ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸುವ ಪ್ರೆಶರ್ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ.

ಮೊದಲು ಕೆಲಸದ ಹೆಸರು. "ಬಾಹ್ಯ ಸ್ವಚ್ಛತಾ ಸೇವೆ" ಅಂತ ಒಬ್ಬ ಗೆಳೆಯರು ಬರೆದುಕೊಟ್ಟರು. ಅದು ಟೆಂಡರ್ ನೋಟಿಸಿನ ಭಾಷೆ, ಗೋಡೆ ತೊಳೆಯುವವರು ಬಂದಿದ್ದಾರೆ ಅಂತ ಯಾರಿಗೂ ಹೊಳೆಯುವುದಿಲ್ಲ. "ಹೊರಗಡೆ ಕ್ಲೀನಿಂಗ್" ಅಂದರೆ ಇನ್ನೂ ತೊಡಕು. ನಮ್ಮ ಹಳ್ಳಿಗಳಲ್ಲಿ ಹೊರಗಡೆಗೆ ಹೋಗುವುದು ಅಂದರೆ ಏನು ಅಂತ ನಿಮಗೂ ಗೊತ್ತು. ಬೋರ್ಡು ನೋಡಿದವರು ಪಾಯಖಾನೆ ಗುಂಡಿ ಖಾಲಿ ಮಾಡಲು ಕರೆದರೆ ಅದು ಅವರ ತಪ್ಪಲ್ಲ. "ಹೊರಗೋಡೆ" ಸ್ವಚ್ಛವಾದ ಪದ, ಆದರೆ ಫರಸಿ, ಪ್ಯಾನೆಲ್ ಅದರಲ್ಲಿ ಬರುವುದಿಲ್ಲ. ನನಗೆ ಹಿಡಿಸಿದ್ದು "ಹೊರಮೈ". ಗೋಡೆಯ ಮೈ, ಕಲ್ಲಿನ ಮೈ ಅಂತ ಗೌಂಡಿಗಳು ದಿನಾ ಅನ್ನುತ್ತಾರೆ. "ಮನೆಯ ಹೊರಮೈ ತೊಳೆದುಕೊಡುತ್ತೇವೆ" ಅಂದರೆ ಬೀದರ್, ಯಾದಗಿರಿ ಕಡೆಯವರಿಗೆ ಸಲೀಸಾಗಿ ತಿಳಿಯುತ್ತದೆಯೇ?

ಇನ್ನು ಕ್ರಿಯಾಪದ. ಕನ್ನಡದಲ್ಲಿ ಪಾತ್ರೆ ತಿಕ್ಕುತ್ತೇವೆ, ಬಟ್ಟೆ ಒಗೆಯುತ್ತೇವೆ, ನೆಲ ಒರೆಸುತ್ತೇವೆ, ಮಣ್ಣಿನ ಅಂಗಳ ಸಾರಿಸುತ್ತೇವೆ, ಕಸ ಹೊಡೆಯುತ್ತೇವೆ. ಪ್ರೆಶರ್ ಯಂತ್ರದ ಕೆಲಸಕ್ಕೆ ಇವುಗಳಲ್ಲಿ ಯಾವುದೂ ನೇರವಾಗಿ ಒಪ್ಪುವುದಿಲ್ಲ. ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಕೇಳಿಸಿಕೊಂಡರೆ ಉತ್ತರ ಅಲ್ಲೇ ಇತ್ತು. "ಪ್ರೆಶರ್ ಹೊಡೀರಿ", "ನೀರ ಹೊಡೀರಿ". ಸುಣ್ಣ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ, ತೊಗರಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತೇವೆ, ಹಾಗೆಯೇ ಇದೂ. ಹಾಗಾಗಿ ರೇಟಿನ ಪಟ್ಟಿಯಲ್ಲಿ "ಹೊಡೆದು ತೊಳೆಯುವುದು" ಅಂತ ಬರೆದಿದ್ದೇನೆ.

ಅದರ ಜೋಡಿ ಇನ್ನೊಂದು ಕೆಲಸವಿದೆ, ಇವರು ಸಾಫ್ಟ್ ವಾಶ್ ಅನ್ನುತ್ತಾರೆ. ಹಳೆಯ ಗಚ್ಚಿನ ಗೋಡೆಗೆ, ಸಡಿಲವಾದ ಬಣ್ಣಕ್ಕೆ 150 ಬಾರ್ ಒತ್ತಡದ ನೀರು ಬಿಟ್ಟರೆ ಪಾಚಿಯ ಜೊತೆ ಗಚ್ಚೂ ಕಿತ್ತು ಬರುತ್ತದೆ. ಅಲ್ಲಿ ಬ್ಲೀಚಿಂಗ್ ನೀರನ್ನು ಕಡಿಮೆ ಒತ್ತಡದಲ್ಲಿ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸಾದಾ ನೀರು ಬಿಡುತ್ತಾರೆ. "ಮೃದು ತೊಳೆತ" ಅಂತ ಮಾಡಬಹುದು, ಆದರೆ ಅದು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುವುದೇ ಇಲ್ಲ. "ನೆನೆಸಿ ತೊಳೆಯುವುದು" ಅಂದರೆ ಹೇಳುತ್ತದೆ. ಹೊಡೆದು ತೊಳೆಯುವುದಕ್ಕೆ ಒಂದು ರೇಟು, ನೆನೆಸಿ ತೊಳೆಯುವುದಕ್ಕೆ ಒಂದು ರೇಟು. ಈ ಜೋಡಿ ನನಗೆ ತುಂಬಾ ಇಷ್ಟವಾಗಿದೆ. ಯಾರಾದರೂ ಇದಕ್ಕಿಂತ ಒಳ್ಳೆಯದು ಕೊಟ್ಟರೆ ಬದಲಾಯಿಸುತ್ತೇನೆ.

ಈಗ ನಿಜವಾಗಿ ನಿಮ್ಮ ಸಹಾಯ ಬೇಕಾದ ಜಾಗ. ಗಾಡಿಯಲ್ಲಿ ಎರಡು ಕ್ಯಾನು ಇರುತ್ತವೆ. ಒಂದರಲ್ಲಿ ಟೈಲ್ಸ್ ಮೇಲಿನ ಸಿಮೆಂಟ್ ಕಲೆಗೆ ಹಾಕುವ ಆಸಿಡ್. ಇನ್ನೊಂದರಲ್ಲಿ ಪಾಚಿಗೆ ಹಾಕುವ ಬ್ಲೀಚಿಂಗ್ ನೀರು, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಹುಡುಗರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು. ಒಬ್ಬ "ಔಷಧಿ" ಅನ್ನುತ್ತಾನೆ, ಇನ್ನೊಬ್ಬ "ದವಾ" ಅನ್ನುತ್ತಾನೆ, ಹೊಲದಲ್ಲಿ ದುಡಿದು ಬಂದವನು "ಎಣ್ಣಿ" ಅನ್ನುತ್ತಾನೆ. "ಅಣ್ಣಾ, ದವಾ ಹಾಕ್ಲಿ?" ಅಂದರೆ ಯಾವುದು? ಇವೆರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಕಂಪೌಂಡಿನ ಮೂಲೆಯಲ್ಲಿ ಬಗ್ಗಿ ಕೆಲಸ ಮಾಡುವವನಿಗೆ ಉಸಿರಾಡಲು ಆಗದ ಹಾಗೆ ಎದೆಗೆ ಹಿಡಿಯುತ್ತದೆ, ಜೀವಕ್ಕೇ ಅಪಾಯ. ಹೆಸರು ಬೇರೆ ಬೇರೆ ಇರಲೇಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ.

ಆಸಿಡ್‌ಗೆ ಪಠ್ಯಪುಸ್ತಕದ "ಆಮ್ಲ" ಬೇಡ. ಅದನ್ನು ಓದಿ ಯಾರೂ ಕೈ ಹಿಂದೆ ತೆಗೆಯುವುದಿಲ್ಲ. "ಆಸಿಡ್" ಎಲ್ಲರಿಗೂ ಗೊತ್ತು, ಉರ್ದು ಮನೆಮಾತಿನವರಿಗೆ "ತೇಜಾಬ್" ಅಂದರೆ ಇನ್ನೂ ಬೇಗ ತಾಗುತ್ತದೆ. ನಮ್ಮ ಊರಲ್ಲಿ ಎರಡನ್ನೂ ಒಟ್ಟಿಗೆ ಬರೆದರೆ ಒಳ್ಳೆಯದು. ಬ್ಲೀಚಿಂಗ್ ಪುಡಿಗೆ "ಚೆಲುವೆ ಪುಡಿ" ಅಂತ ಹಳೆಯ ಕನ್ನಡ ಪುಸ್ತಕಗಳಲ್ಲಿ ಓದಿದ ನೆನಪು ಹಿರಿಯರಿಗೆ ಇರಬಹುದು. ಬಟ್ಟೆ ಬೆಳ್ಳಗೆ ಮಾಡುವ ಚೆಲುವೆಯಿಂದ ಬಂದ ಚೆಂದದ ಪದ. ಕ್ಯಾನಿನ ಮೇಲೆ ಮಾತ್ರ ಅದನ್ನು ಬರೆಯಲು ಧೈರ್ಯ ಬರಲಿಲ್ಲ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಹಳ್ಳಿ ಹಳ್ಳಿಗೂ ಗೊತ್ತು, ಹಾಗಾಗಿ "ಬ್ಲೀಚಿಂಗ್ ನೀರು" ಅಂತಲೇ ಇಟ್ಟಿದ್ದೇನೆ.

ಎಚ್ಚರಿಕೆಯ ಸಾಲು ಹೀಗಿದೆ: "ಆಸಿಡ್ ಮತ್ತು ಬ್ಲೀಚಿಂಗ್ ನೀರನ್ನು ಒಂದೇ ಬಕೆಟ್ಟಿಗೆ, ಒಂದೇ ಗೋಡೆಗೆ ಹಾಕಬೇಡಿ. ವಿಷದ ಗಾಳಿ ಏಳುತ್ತದೆ." "ಮಿಶ್ರಣ ಮಾಡಬಾರದು" ಅಂತ ಬರೆದರೆ ಬಕೆಟ್ಟಿನಲ್ಲಿ ಕಲಸುವುದು ಮಾತ್ರ ತಪ್ಪು ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಆಸಿಡ್ ಹಾಕಿದ ಜಾಗವನ್ನು ಚೆನ್ನಾಗಿ ತೊಳೆಯದೆ ಅದರ ಮೇಲೆ ಬ್ಲೀಚಿಂಗ್ ಬಿಟ್ಟರೂ ಅಷ್ಟೇ ಅಪಾಯ. "ವಿಷಾನಿಲ" ಸುದ್ದಿಪತ್ರಿಕೆಯ ಪದ. "ಘಾಟು" ನಮ್ಮದೇ ಪದ, ಆದರೆ ಮೆಣಸಿನಕಾಯಿ ಹುರಿದಾಗ ಬರುವುದೂ ಘಾಟೇ, ಅದಕ್ಕೆ ಯಾರೂ ಹೆದರಿ ಓಡುವುದಿಲ್ಲ. ನೀವಾದರೆ ಹೇಗೆ ಬರೆಯುತ್ತೀರಿ?

ಇದರ ಕೆಳಗೆ ಇನ್ನೊಂದು ಸಾಲು: "ಶಹಾಬಾದ್ ಫರಸಿಗೆ ಆಸಿಡ್ ಹಾಕಬೇಡಿ." ಅದು ಸುಣ್ಣಕಲ್ಲು. ಆಸಿಡ್ ಬಿದ್ದ ಕೂಡಲೇ ಬುರಬುರ ನೊರೆ ಬರುತ್ತದೆ. ನೊರೆ ನೋಡಿ ಕೊಳೆ ಹೋಗುತ್ತಿದೆ ಅಂತ ಖುಷಿಪಡುತ್ತಾರೆ, ಹೋಗುತ್ತಿರುವುದು ಕಲ್ಲಿನ ಮೈ. ಒಣಗಿದ ಮೇಲೆ ಹೊಳಪು ಹೋಗಿ ಬಿಳಚಿಕೊಂಡ ಮಚ್ಚೆ ಉಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಅರ್ಧ ಮನೆಗಳ ಅಂಗಳ ಇದೇ ಕಲ್ಲಿನದು, ಅಲ್ವಾ?

ಗಾಡಿಯ ಭಾಗಗಳಿಗೆ ಬರುತ್ತೇನೆ. ಟ್ಯಾಂಕಿಗೆ ಇಲ್ಲಿ "ಟಾಕಿ" ಅನ್ನುತ್ತಾರೆ, ಅದರ ಬಗ್ಗೆ ಚರ್ಚೆ ಬೇಡ. 500 ಲೀಟರ್ ಟಾಕಿ ತುಂಬಿದರೆ ನೀರಿನದ್ದೇ 500 ಕಿಲೋ ತೂಕ. ನಿಮಿಷಕ್ಕೆ 15 ಲೀಟರ್ ಎಳೆಯುವ ಯಂತ್ರಕ್ಕೆ ಅದು ಅರ್ಧ ಗಂಟೆಗಿಂತ ಚೂರು ಜಾಸ್ತಿ ಬರುತ್ತದೆ. ದಿನಾ ನಳದ ನೀರು ಬರದ ಬಡಾವಣೆಗಳಲ್ಲಿ ಟಾಕಿ ಇಲ್ಲದೆ ಕೆಲಸವೇ ಆಗುವುದಿಲ್ಲ. ಇದನ್ನು ಕ್ಯಾಬಿನ್ನಿನ ಬೆನ್ನಿಗೆ, ಹಿಂದಿನ ಅಚ್ಚಿಗಿಂತ ಮುಂದೆ ಕೂರಿಸಬೇಕು. ತೀರಾ ಹಿಂದಕ್ಕೆ ಇಟ್ಟರೆ ಮುಂದಿನ ಗಾಲಿಗಳ ಮೇಲೆ ಭಾರ ಕಮ್ಮಿಯಾಗಿ ಸ್ಟೇರಿಂಗ್ ಹಗುರಾಗುತ್ತದೆ. ಎತ್ತಿನ ಗಾಡಿ ಹೇರುವವರು ಇದಕ್ಕೆ "ಹಿಂಭಾರ" ಅನ್ನುತ್ತಾರೆ. ಸೂಚನೆಯಲ್ಲಿ ಆ ಪದವನ್ನೇ ಹಾಕಿದೆ, ವೆಲ್ಡರ್ ಒಂದೇ ಸಲಕ್ಕೆ ಹಿಡಿದುಕೊಂಡರು.

ಟಾಕಿಯೊಳಗೆ ನೀರಿನ ಓಡಾಟ ತಡೆಯಲು ತೂತುಗಳಿರುವ ಅಡ್ಡ ಹಲಗೆಗಳನ್ನು ಕೂರಿಸುತ್ತಾರೆ. ಬ್ಯಾಫಲ್ ಅನ್ನುವುದು ಅದಕ್ಕೇ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಭರ್ತಿ ಟಾಕಿ ತೆಪ್ಪಗಿರುತ್ತದೆ. ಅರ್ಧ ಖಾಲಿಯಾದ ಮೇಲೆ ಬ್ರೇಕ್ ಹಾಕಿದರೆ ನೀರು ಮುಂದಕ್ಕೆ ಬಡಿಯುತ್ತದೆ, ತಿರುವಿನಲ್ಲಿ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಆದರೆ ತುಳುಕುವುದು ಅಂದರೆ ಅಂಚು ದಾಟಿ ಚೆಲ್ಲುವುದು. ಮುಚ್ಚಿದ ಟಾಕಿಯಲ್ಲಿ ನೀರು ಚೆಲ್ಲುವುದಿಲ್ಲ, ಹೊಯ್ದಾಡುತ್ತದೆ. ಹಲಗೆಗೆ "ಅಲೆತಡೆ" ಅಂತ ಇಡೋಣ ಅಂದುಕೊಂಡಿದ್ದೇನೆ. ವೆಲ್ಡರ್ "ಅಡ್ಡಪಟ್ಟಿ" ಅನ್ನುತ್ತಾರೆ, ಆದರೆ ಅವರು ಗಾಡಿಯ ಹತ್ತು ಭಾಗಗಳಿಗೆ ಅದನ್ನೇ ಅನ್ನುತ್ತಾರೆ. ನೀರಿನ ಟ್ಯಾಂಕರ್ ಕಟ್ಟುವವರ ಹತ್ತಿರ ಇದಕ್ಕೆ ಬೇರೆ ಹೆಸರು ಇದ್ದೇ ಇರಬೇಕು.

ಪೈಪು ಸುತ್ತುವ ಗಾಲಿಗೆ ಹೆಸರು ತಾನಾಗಿ ಬಂತು. ಮೊದಲ ದಿನವೇ ಹುಡುಗರು ಅದನ್ನು "ಚರಕಿ" ಅಂದುಬಿಟ್ಟರು, ಗಾಳಿಪಟದ ದಾರ ಸುತ್ತುವ ಚರಕಿ. "ರಾಟೆ" ಅಂದರೆ ಬಾವಿ ನೆನಪಾಗುತ್ತದೆ, "ಸುರುಳಿ" ಅಂದರೆ ಸುತ್ತಿಟ್ಟ ಪೈಪೇ ಹೊರತು ಸುತ್ತುವ ಸಾಮಾನಲ್ಲ. ಚರಕಿ ಖಾಯಂ.

ನೀರು ಚಿಮ್ಮುವ ಮೂತಿ, ಅಂದರೆ ನೊಜಲ್‌ಗಳಿಗೆ ಪದ ಹುಡುಕಲಿಲ್ಲ. ಕೆಂಪಿನದು ಸೂಜಿಯಂತೆ ಒಂದೇ ಧಾರೆ, ಹಳದಿ 15 ಡಿಗ್ರಿ, ಹಸಿರು 25, ಬಿಳಿ 40 ಡಿಗ್ರಿ ಅಗಲ. ಬಣ್ಣ ಹೇಳಿದರೆ ಸಾಕು. "ಕೆಂಪನ್ನು ಗೋಡೆಗೂ ಮನುಷ್ಯರಿಗೂ ಹಿಡಿಯಬೇಡಿ" ಅಂತ ಒಂದೇ ಸಾಲು ಬರೆದಿದ್ದೇನೆ.

ಬೋರ್ಡು ಬರೆಯುವವರು ಮುಂದಿನ ವಾರ ಬರುತ್ತಾರೆ. "ಹೊರಮೈ" ಮತ್ತು "ಅಲೆತಡೆ" ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಎರಡು ಕ್ಯಾನುಗಳ ಎಚ್ಚರಿಕೆಯ ಸಾಲನ್ನು ನಿಮ್ಮ ಮನೆಯ ಹತ್ತಿರದ ಪೇಂಟರಿಗೋ ಪ್ಲಂಬರಿಗೋ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತು ಅಂತ ಕೇಳಿ, ಅವರ ಮಾತಲ್ಲೇ ಬರೆದು ಕಳಿಸಿ.