44 ಡಿಗ್ರಿ ಬಿಸಿಲಲ್ಲಿ ಇರುವೆಗೆ ಏನೂ ಆಗಲ್ವಾ?

ಸೇಡಂ ಹುಡುಗ:
ನಮ್ಮ ಅಂಗಳಕ್ಕೆ ಪರಸಿ ಕಲ್ಲು ಹಾಸಿದ್ದೇವೆ. ಮೇ ತಿಂಗಳಲ್ಲಿ ಬರಿಗಾಲು ಇಡೋಕೆ ಆಗಲ್ಲ. ಆದರೂ ಬಿಸಿಲು ಇಳಿಯುತ್ತಿದ್ದಂತೆ ಕಲ್ಲಿನ ಸಂದಿಯಿಂದ ಇರುವೆ ಸಾಲು ಹೊರಡುತ್ತದೆ. ಭೂಮಿ ಬಿಸಿಯಾಗಿ ಹುಳಹುಪ್ಪಟೆ ಎಲ್ಲ ನಾಶ ಆಗುತ್ತವೆ ಅಂತಾರೆ. ನನಗೆ ಹಾಗನಿಸಲ್ಲ. ಕಲಬುರಗಿ ಬಿಸಿಲು ತಡೆದ ಇರುವೆ ಇನ್ನೆರಡು ಡಿಗ್ರಿ ತಡೆಯಲ್ವಾ?

ಶಹಾಪುರ ಮಾಸ್ತರ:
ತಮ್ಮಾ, ನೀನು ನೋಡಿದ್ದು ಸಂಜೆ. ಮಧ್ಯಾಹ್ನ ಎರಡಕ್ಕೆ ಅದೇ ಸಂದಿ ನೋಡು, ಬಹುಶಃ ಒಂದೂ ಇರಲ್ಲ. ಇರುವೆಯ ಮೈ ಸುತ್ತಲಿನ ಬಿಸಿಯ ಜೊತೆಗೇ ಏರುತ್ತದೆ, ಇಳಿಯುತ್ತದೆ. ನಮ್ಮ ಹಾಗೆ ಬೆವರಿ ತಂಪಾಗೋಕೆ ಅದಕ್ಕೆ ಬರಲ್ಲ. ಅದಕ್ಕೇ ಹೊತ್ತು ಬದಲಿಸುತ್ತದೆ. ಬೇಸಿಗೆಯಲ್ಲಿ ನಸುಕು, ಸಂಜೆ, ರಾತ್ರಿ, ಚಳಿಗಾಲದಲ್ಲಿ ನಡುಹಗಲು. ಗೂಡಿನ ಒಳಗೂ ಇದೇ ಕೆಲಸ. ಮೇಲಿನ ಮಣ್ಣು ಕಾದರೆ ಮೊಟ್ಟೆ, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗಿನ ಕೋಣೆಗೆ ಇಳಿಸುತ್ತವೆ. ಮೇಲೆ ಹಿತವಾದರೆ ಮತ್ತೆ ಹತ್ತಿಸುತ್ತವೆ. ಇದನ್ನು ತಡೆಯೋದು ಅನ್ನಬೇಡ, ತಪ್ಪಿಸಿಕೊಳ್ಳೋದು ಅನ್ನು. ತಪ್ಪಿಸಿಕೊಳ್ಳೋಕೆ ಜಾಗ ಬೇಕು.

ಸೇಡಂ ಹುಡುಗ:
ಸರ್, ಸಹಾರಾದಲ್ಲಿ ಇರುವೆ ಇಲ್ವಾ? ಅಲ್ಲಿ ಮರವೂ ಇಲ್ಲ, ನೆರಳೂ ಇಲ್ಲ.

ಬೀದರ್ ಅಕ್ಕ:
ಇದೆ. ಬೆಳ್ಳಿ ಇರುವೆ ಅಂತಾರೆ. ಮೈ ಮೇಲಿನ ಕೂದಲು ಅಡ್ಡ ಕೊಯ್ದರೆ ಮೂರು ಮೂಲೆಯಾಗಿ ಕಾಣುತ್ತವೆ. ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ, ಮೈಯ ಶಾಖವನ್ನೂ ಹೊರಗೆ ಬಿಡುತ್ತವೆ. ಇದು ಗೊತ್ತಾಗಿದ್ದು 2015ರಲ್ಲಿ. ಉದ್ದ ಕಾಲು ಇರೋದರಿಂದ ಹೊಟ್ಟೆ ಮರಳಿಗೆ ತಾಗಲ್ಲ. ಬಿಸಿಯಲ್ಲಿ ಜೀವಕೋಶ ಕಾಯುವ ಪ್ರೋಟೀನನ್ನು ಗೂಡಿಂದ ಹೊರಬೀಳುವ ಮೊದಲೇ ತಯಾರು ಮಾಡಿಕೊಂಡಿರುತ್ತದೆ. ಹೀಗೆಲ್ಲ ಇದ್ದೂ ಮೈ ಬಿಸಿ ಸುಮಾರು 53 ಡಿಗ್ರಿ ದಾಟಿದರೆ ಮುಗೀತು. ದಿನಕ್ಕೆ ಕೆಲವೇ ನಿಮಿಷ ಹೊರಗೆ ಓಡಾಡಿ ಒಳಗೆ ಸೇರುತ್ತದೆ. ಆ ಮೈ ಲಕ್ಷಾಂತರ ವರ್ಷದಲ್ಲಿ ಆದದ್ದು. ನಮ್ಮ ಅಂಗಳದ ಇರುವೆಗೆ ಅದು ಇಲ್ಲ.

ಆದರೆ ನಿನ್ನ ಮಾತಿನಲ್ಲೂ ಸತ್ಯ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಲ್ಲಿ ಓಕ್ ಮರದ ಒಂದೇ ಕಾಯಿಯೊಳಗೆ ಇಡೀ ಸಂಸಾರ ಹೂಡುವ ಸಣ್ಣ ಇರುವೆ ಇದೆ. ವಿಜ್ಞಾನಿ ಸಾರಾ ಡೈಮಂಡ್ ಮತ್ತು ಜೊತೆಯವರು ಪೇಟೆಯ ಇರುವೆ, ಹಳ್ಳಿಯ ಇರುವೆ ಎರಡನ್ನೂ ಒಂದೇ ಬಿಸಿಯಲ್ಲಿ ಸಾಕಿ ನೋಡಿದರು. ಪೇಟೆಯವು ಜಾಸ್ತಿ ಬಿಸಿ ತಾಳಿದವು. ಅಂದರೆ ಆ ಗುಣ ವಂಶಕ್ಕೇ ಇಳಿದಿದೆ. 2017ರಲ್ಲಿ ಪ್ರಕಟಿಸಿದರು. ಬದಲಿಗೆ ಚಳಿ ತಾಳುವ ಶಕ್ತಿ ಅವಕ್ಕೆ ಕಡಿಮೆ ಆಗಿತ್ತು.

ಸೇಡಂ ಹುಡುಗ:
ಅದೇ ನಾನು ಹೇಳಿದ್ದು ಅಕ್ಕಾ! ಕಾಲ ಕೊಟ್ಟರೆ ಹೊಂದಿಕೊಳ್ಳುತ್ತವೆ.

ಶಹಾಪುರ ಮಾಸ್ತರ:
ಕಾಲ ಯಾರಿಗೆ ಎಷ್ಟು ಅನ್ನೋದೇ ಪ್ರಶ್ನೆ. ಇರುವೆ ಗೂಡಲ್ಲಿ ಮೊಟ್ಟೆ ಇಡೋದು ರಾಣಿ. ಅದು ವರ್ಷಗಟ್ಟಲೆ ಬದುಕುತ್ತದೆ, ಹಾಗಾಗಿ ಒಂದು ತಲೆಮಾರು ಅಂದರೆ ವರ್ಷಗಳು. ತೊಗರಿಯ ಕಾಯಿಕೊರಕ ಹುಳಕ್ಕೆ ಸುಮಾರು ಒಂದು ತಿಂಗಳು ಸಾಕು. ಬೆಚ್ಚಗಿದ್ದರೆ ಇನ್ನೂ ಬೇಗ. ಯಾವುದು ಮೊದಲು ಬದಲಾಗುತ್ತದೆ, ನೀನೇ ಹೇಳು. ಇನ್ನೊಂದು ಮಾತು. ಬಿಸಿನಾಡಿನ ಕೀಟಗಳೇ ಜಾಸ್ತಿ ಅಪಾಯದಲ್ಲಿವೆ ಎಂದು 2008ರಲ್ಲೇ ಒಂದು ಅಧ್ಯಯನ ತೋರಿಸಿತು. ಚಳಿನಾಡಿನವಕ್ಕೆ ಬಿಸಿ ಏರಿದರೂ ತಾಳೋಕೆ ಇನ್ನೂ ಜಾಗ ಇದೆ. ನಮ್ಮವು ಈಗಾಗಲೇ ಅಂಚಿನ ಹತ್ತಿರ ಇವೆ.

ಅಫಜಲಪುರ ರೈತ:
ಹೊಲದ ಮಾತು ನಾನು ಹೇಳುತ್ತೇನೆ. ಎರೆ ಹೊಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕಿನ ಒಳಗೆ ಬಗ್ಗಿ ನೋಡಿದರೆ ಜೇಡ, ಜಿರಲೆ ಜಾತಿ ಹುಳ, ಕಪ್ಪಿರುವೆ ಎಲ್ಲ ಅಲ್ಲೇ. ಮಳೆ ಬಿದ್ದ ಮೇಲೆ ಎರೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಆಗ ಅವು ಎಲ್ಲಿಗೆ ಹೋಗಬೇಕು? ಬದುವಿಗೆ. ಬದುವಿನಲ್ಲಿ ಹುಲ್ಲು, ಜಾಲಿ, ಬೇವು ಇರುತ್ತಿತ್ತು. ಈಗ ಇನ್ನೆರಡು ಸಾಲು ತೊಗರಿ ಬರಲಿ ಅಂತ ಟ್ರ್ಯಾಕ್ಟರ್ ಹಾಕಿ ಬದುವನ್ನೇ ಕಿತ್ತುಬಿಟ್ಟಿದ್ದಾರೆ. ಆ ಇರುವೆಗಳೇ ಕಾಯಿಕೊರಕದ ಮೊಟ್ಟೆ ತಿಂದು, ಸಣ್ಣ ಕೀಡಿ ಎಳೆದೊಯ್ಯುತ್ತಿದ್ದವು. ಹೂ ಬಿಟ್ಟಾಗಿಂದ ಔಷಧಿ ಹೊಡೆದು ಹೊಡೆದು ಸಾಕಾಗಿದೆ.

ಶಹಾಪುರ ಮಾಸ್ತರ:
ನಮ್ಮ ಕಡೆ ಇನ್ನೊಂದು ರೀತಿ. ನಾರಾಯಣಪುರದ ಎಡದಂಡೆ ಕಾಲುವೆ ನೀರು ಬಂದ ಮೇಲೆ ಜೋಳ, ಶೇಂಗಾ ಇದ್ದ ಕಡೆ ಭತ್ತ ಬಂತು. ನಿಂತ ನೀರಲ್ಲಿ ಗೂಡು ಹೇಗೆ ಉಳಿದೀತು? ಬದುವಿಗೆ ಏರಿದ ಇರುವೆ ಉಳಿಯಿತು. ಭತ್ತದ ರಸ ಹೀರುವ ಕಂದು ಜಿಗಿಹುಳಕ್ಕೆ ಮಾತ್ರ ಗದ್ದೆಯೇ ಮನೆ. ಒಂದೇ ಬದಲಾವಣೆ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಬೀದಿ ಪಾಲು.

ಬೀದರ್ ಅಕ್ಕ:
ಹೆಜ್ಜೇನು ಬೇಕಾದರೆ ಗೂಡು ಬಿಟ್ಟು ದೂರ ಹಾರಿ ಹೋಗುತ್ತದೆ, ಹೂ ಬಂದಾಗ ಮತ್ತೆ ಬರುತ್ತದೆ. ಇರುವೆ ಹಾಗೆ ಮಾಡೋಕಾಗಲ್ಲ. ಗೂಡು ಬದಲಿಸಿದರೂ ಹತ್ತಿರದಲ್ಲೇ. ಅದಕ್ಕೇ ಬದುವಿನ ವಿಷಯ ದೊಡ್ಡದು. ಅಣ್ಣಾ, ಒಂದು ಕೇಳಲಾ? ನೀವು ಮಾಗಿ ಉಳುಮೆ ಮಾಡುತ್ತೀರಲ್ಲ, ಅದರಿಂದ ಗೂಡೂ ಒಡೆಯುತ್ತದೆ ಅಲ್ವಾ?

ಅಫಜಲಪುರ ರೈತ:
ಒಡೆಯುತ್ತದೆ ತಂಗಿ. ಆದರೆ ಅದನ್ನು ಬಿಡಲ್ಲ. ಕಾಯಿಕೊರಕದ ಕೋಶ ಮಣ್ಣಲ್ಲೇ ಇರುತ್ತದೆ. ಉತ್ತು ಮೇಲೆ ಹಾಕಿದರೆ ಬಿಸಿಲಿಗೆ ಒಣಗಿ ಸಾಯುತ್ತದೆ, ಕೊಕ್ಕರೆ ಆರಿಸಿ ತಿನ್ನುತ್ತದೆ. ಒಂದು ಸಲ ಔಷಧಿ ಹೊಡೆಯೋದು ಉಳಿದರೂ ನನಗೆ ಲಾಭ.

ಬೀದರ್ ಅಕ್ಕ:
ನಡು ಹೊಲ ಉಳುಮೆ ಮಾಡಿ, ಬೇಡ ಅನ್ನಲ್ಲ. ಬದು ಮತ್ತು ಅದರ ಪಕ್ಕದ ಒಂದು ಮಾರು ಜಾಗ ಮುಟ್ಟಬೇಡಿ. ಅಲ್ಲಿ ಉಳಿದ ಗೂಡಿನಿಂದಲೇ ಇರುವೆ ಮತ್ತೆ ಸಾಲಿನೊಳಗೆ ಬರುತ್ತದೆ.

ಅಫಜಲಪುರ ರೈತ:
ನನ್ನ ಕಡೆ ಬಿಡುತ್ತೇನೆ. ಪೂರ್ವದ ಬದು ಬಾಜೂದವರ ಜೊತೆಗಿನದು. ಅವರು ಹೋದ ವರ್ಷ ಅರ್ಧ ಕಿತ್ತಿದ್ದಾರೆ. ಈ ವರ್ಷ ಉಳಿದದ್ದಕ್ಕೂ ಟ್ರ್ಯಾಕ್ಟರ್ ಹೇಳಿದ್ದಾರಂತೆ.

ಶಹಾಪುರ ಮಾಸ್ತರ:
ಹಾಗಾದರೆ ಟ್ರ್ಯಾಕ್ಟರ್ ಬರುವ ಮೊದಲೇ ಅವರ ಮನೆಗೆ ಹೋಗಿ ಕೂತು ಮಾತಾಡಿ. ಗಡಿ ಬದು ಇಬ್ಬರದೂ. ಇರುವೆ ಮಾತು ಆಮೇಲೆ ತೆಗೆಯಿರಿ. ಬದು ಹೋದರೆ ಮೇಲ್ಮಣ್ಣು ಮಳೆ ನೀರಲ್ಲಿ ಕೊಚ್ಚಿ ಹೋಗುತ್ತದೆ ಅಂತ ಮೊದಲು ಹೇಳಿ. ಅದು ಅವರಿಗೂ ಗೊತ್ತಿರುವ ನಷ್ಟ.